ಕ್ಯಾಂಟನೀಸ್ ಮನೆಯವರ ಜೊತೆ ಊಟಕ್ಕೆ ಕೂರುವ ಮುನ್ನ

ದಕ್ಷಿಣ ಚೀನಾದ ಗುವಾಂಗ್‌ಝೌಗೆ, ಅಂದರೆ ಕ್ಯಾಂಟನೀಸ್ ಮಾತಾಡುವವರ ಊರಿಗೆ, ಹೊರಟವರು ನನಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆ ಒಂದೇ: "ಅಲ್ಲಿ ಹಾವು, ಕಪ್ಪೆ ಎಲ್ಲ ತಿಂತಾರಂತೆ, ನಾವೇನ್ರೀ ತಿನ್ನೋದು?" ಕಪ್ಪೆ ತಿನ್ನುತ್ತಾರೆ, ಸುಳ್ಳಲ್ಲ. ಚಳಿಗಾಲದಲ್ಲಿ ಹಾವಿನ ಸೂಪೂ ಸಿಗುತ್ತಿತ್ತು, 2020ರಲ್ಲಿ ಚೀನಾ ಕಾಡುಪ್ರಾಣಿ ತಿನ್ನುವುದನ್ನು ನಿಷೇಧಿಸುವ ತನಕ. ಆಗಲೂ ಅದು ದುಬಾರಿ ಪದಾರ್ಥವೇ. ನಿಮಗೆ ಗೊತ್ತಿಲ್ಲದ ಹಾಗೆ ನಿಮ್ಮ ಬಟ್ಟಲಿಗೆ ಹಾಕಿ ಲುಕ್ಸಾನು ಮಾಡಿಕೊಳ್ಳುವಷ್ಟು ದಡ್ಡರು ಅಲ್ಲಿ ಯಾರೂ ಇಲ್ಲ. ತೊಂದರೆ ಆಗುವುದು ಬೇರೆ ಕಡೆ. ಚಹಾದ ಪಾಟ್ ಯಾರು ಎತ್ತಬೇಕು, ಸೂಪ್ ಬೇಡ ಅನ್ನಬಹುದಾ, ಮೀನಿನ ತಲೆ ಯಾಕೆ ನಿಮ್ಮ ಕಡೆ ತಿರುಗಿದೆ, ಬಿಲ್ ಬಂದಾಗ ಏನು ಮಾಡಬೇಕು. ಇದು ಗೊತ್ತಿಲ್ಲದೆ ಒದ್ದಾಡುವವರೇ ಜಾಸ್ತಿ.

ನಾನು ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಬೈಯಿಂಗ್ ಹೌಸಿನಲ್ಲಿ ಕೆಲಸ ಮಾಡುತ್ತೇನೆ. ಗುಂಡಿ, ಜಿಪ್ಪು, ಲೇಸು, ಲೈನಿಂಗ್ ಬಟ್ಟೆ ನೋಡಲು ಗುವಾಂಗ್‌ಝೌದ ಝೋಂಗ್‌ಡಾ ಬಟ್ಟೆ ಮಾರುಕಟ್ಟೆಗೆ ಹೋಗುತ್ತಿರುತ್ತೇನೆ. ಎಷ್ಟೋ ಸಲ ಯುರೋಪಿನ ಖರೀದಿದಾರರೂ ಜೊತೆಗಿರುತ್ತಾರೆ. ಹೋಟೆಲ್ ವಾಸ ಬೇಜಾರಾಗಿ ಹಳೇ ಊರಿನ ಲಿವಾನ್ ಕಡೆ ಒಂದು ಕುಟುಂಬದ ಮನೆಯಲ್ಲಿ ರೂಮು ಹಿಡಿದೆ. ಆ ಮನೆಯ ಅಜ್ಜಿಯನ್ನು ಮೊಮ್ಮಕ್ಕಳ ಹಾಗೆ ನಾನೂ ಪೋ ಪೋ ಅಂತಲೇ ಕರೆಯುತ್ತೇನೆ. ಕೆಳಗೆ ಬರೆದದ್ದರಲ್ಲಿ ಅರ್ಧ ಅವರ ಕಣ್ಸನ್ನೆಯಿಂದ ಕಲಿತದ್ದು. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ನನ್ನ ಕ್ಯಾಂಟನೀಸ್ ಅಷ್ಟಕ್ಕಷ್ಟೇ. ಆದರೂ ನಡೆಯುತ್ತದೆ. ಯಾಕೆಂದರೆ ಅಲ್ಲಿ ಮರ್ಯಾದೆ ಮಾತಿನಲ್ಲಿರುವುದಕ್ಕಿಂತ ಜಾಸ್ತಿ ಕೈಯಲ್ಲಿದೆ. ನಿಮ್ಮ ಕೈ ಸರಿಯಾಗಿ ನಡೆದುಕೊಂಡರೆ ಬಾಯಿ ತಪ್ಪಿದರೂ ನಕ್ಕು ಸುಮ್ಮನಾಗುತ್ತಾರೆ.

ಹೊರಡುವ ಮುಂಚೆ ಎರಡು ಮಾತು

ಚೀನಾದ ಮುಖ್ಯ ಭೂಭಾಗದಲ್ಲಿ ವಾಟ್ಸ್ಯಾಪ್, ಗೂಗಲ್ ಅಲ್ಲಿನ ಸಾಮಾನ್ಯ ಇಂಟರ್ನೆಟ್ಟಿನಲ್ಲಿ ತೆರೆಯುವುದಿಲ್ಲ. ಮೆಸೇಜಿಗೆ, ದುಡ್ಡು ಕೊಡಲು ಅಲ್ಲಿ ನಡೆಯುವ ವೀಚಾಟ್ ಮತ್ತು ಅಲಿಪೇ ಆ್ಯಪ್‌ಗಳನ್ನು ಊರಿನಲ್ಲೇ ಹಾಕಿಕೊಂಡು, ನಿಮ್ಮ ಕಾರ್ಡ್ ಜೋಡಿಸಿಕೊಂಡು ಹೋಗಿ. ಸೊಪ್ಪು ಮಾರುವ ಅಜ್ಜಿಯೂ ಕ್ಯೂಆರ್ ಕೋಡೇ ತೋರಿಸುವುದು. ಹೋಟೆಲ್ ಬಿಟ್ಟು ಯಾರದಾದರೂ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಆ ಏರಿಯಾದ ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಬೇಕು. ಹೋಟೆಲಿನಲ್ಲಾದರೆ ಅವರೇ ಮಾಡುತ್ತಾರೆ. ಮನೆಯವರು "ಪರವಾಗಿಲ್ಲ ಬಿಡಿ" ಅಂದರೂ ನೀವು ಬಿಡಬೇಡಿ. ಹಾಂಗ್‌ಕಾಂಗ್‌ಗೆ ಇಳಿದು ಹೋಗುವುದಾದರೆ ವೆಸ್ಟ್ ಕೌಲೂನ್ ಸ್ಟೇಷನ್ನಿನಿಂದ ಹೈಸ್ಪೀಡ್ ರೈಲು ಒಂದು ಗಂಟೆ ಆಸುಪಾಸಿನಲ್ಲಿ ಗುವಾಂಗ್‌ಝೌ ಸೌತ್ ತಲುಪಿಸುತ್ತದೆ. ವೀಸಾ ಮಾತ್ರ ಮೊದಲೇ ಆಗಿರಲಿ.

ಬೆಳಗಿನ ಚಹಾದಿಂದ ಶುರು ಮಾಡಿ

ರಾತ್ರಿ ಊಟಕ್ಕಿಂತ ಮೊದಲು ಬೆಳಗಿನ ಚಹಾಕ್ಕೆ ಹೋಗಿ. ಇದನ್ನು ಯಾಮ್ ಚಾ ಅನ್ನುತ್ತಾರೆ. ಹೆಸರಿಗೆ ಚಹಾ ಕುಡಿಯುವುದು, ನಿಜದಲ್ಲಿ ಎರಡು ಗಂಟೆ ಕೂತು ತಿನ್ನುವುದು, ಮಾತಾಡುವುದು, ಪೇಪರ್ ಓದುವುದು. ಏಳು ಗಂಟೆಗೇ ಹಿರಿಯರು ಬಂದು ಮೇಜು ಹಿಡಿದಿರುತ್ತಾರೆ. ಶನಿವಾರ ಭಾನುವಾರ ಮಕ್ಕಳು, ಮೊಮ್ಮಕ್ಕಳು ಸೇರಿ ಮೂರು ತಲೆಮಾರು ಒಂದೇ ದುಂಡು ಮೇಜಿಗೆ. ಹಳೇ ಹೆಸರಿನ ಚಹಾ ಮನೆಗಳು ಬೇಕೆಂದರೆ 1880ರ ತಾವ್ ತಾವ್ ಗೋಯ್ ಇದೆ, 1889ರ ಲಿನ್ ಹ್ಯೋಂಗ್ ಲಾವ್ ಇದೆ, 1935ರ ಗುವಾಂಗ್‌ಝೌ ರೆಸ್ಟೋರೆಂಟ್ ಇದೆ. ನನಗೆ ಕೇಳಿದರೆ, ಒಂದು ಸಲ ಹೆಸರಿರುವ ಕಡೆ ಹೋಗಿ ಚಿತ್ರ ತೆಗೆದುಕೊಳ್ಳಿ. ಆಮೇಲೆ ನೀವು ಉಳಿದಿರುವ ಬೀದಿಯಲ್ಲೇ ಮುದುಕರು ಜಾಸ್ತಿ ಕೂತಿರುವ ಅಂಗಡಿ ನೋಡಿ ಒಳಗೆ ಹೋಗಿ. ಜಾಗ ಇಲ್ಲದಿದ್ದರೆ ಅಪರಿಚಿತರ ಮೇಜಿಗೇ ಕೂರಿಸುತ್ತಾರೆ. ಸಂಕೋಚ ಬೇಡ, ಅಲ್ಲಿ ಅದು ಮಾಮೂಲು.

ಕೂತ ತಕ್ಷಣ ಕೇಳುವುದು ಎಷ್ಟು ಜನ, ಯಾವ ಚಹಾ. ಚಹಾಕ್ಕೆ ತಲೆಗಿಷ್ಟು ಅಂತ ದುಡ್ಡು. ನೀವು ಕುಡಿಯದಿದ್ದರೂ ಕೊಡಬೇಕು, ಜಗಳ ಮಾಡಬೇಡಿ. ಹಾಲು ಸಕ್ಕರೆ ಕೇಳಬೇಡಿ. ಬೋ ಲೇ ಅಂದರೆ ಕಡುಗಪ್ಪು, ಮಣ್ಣಿನ ವಾಸನೆಯ ಹಳೇ ಚಹಾ. ಎಣ್ಣೆ ತಿಂಡಿ ಜೊತೆ ಹೊಟ್ಟೆಗೆ ಒಳ್ಳೆಯದು ಅಂತ ಅವರ ನಂಬಿಕೆ. ಅದು ಜೋರಾಯಿತು ಅನ್ನಿಸಿದರೆ ಗುಕ್ ಬೋ ಹೇಳಿ. ಅದೇ ಚಹಾಕ್ಕೆ ಒಣಗಿದ ಸೇವಂತಿಗೆ ಸೇರಿಸಿದ್ದು. ಹೊಸಬರಿಗೆ ನಾನು ಹೇಳುವುದು ಇದನ್ನೇ.

ಆಮೇಲೆ ಒಂದು ಪಾಟ್ ಕುದಿ ನೀರು ಅಥವಾ ಮೊದಲ ಡಿಕಾಕ್ಷನ್, ಜೊತೆಗೆ ಒಂದು ದೊಡ್ಡ ಬೋಗುಣಿ ಬರುತ್ತದೆ. ಇದು ಕುಡಿಯಲು ಅಲ್ಲ. ನನ್ನ ಜೊತೆ ಬಂದಿದ್ದ ಒಬ್ಬ ಡಚ್ ಖರೀದಿದಾರ ಬೋಗುಣಿಯನ್ನು ಸೂಪಿನ ಬಟ್ಟಲು ಅಂದುಕೊಂಡು ಚಮಚ ಹಾಕಿಯೇಬಿಟ್ಟಿದ್ದ. ಮಾಡಬೇಕಾದದ್ದು ಹೀಗೆ. ನಿಮ್ಮ ಬಟ್ಟಲಿನಲ್ಲಿ ಚಮಚ, ಚಾಪ್‌ಸ್ಟಿಕ್ ತುದಿ, ಚಹಾ ಕಪ್ಪು ಇಡಿ. ಬಿಸಿ ನೀರು ಸುರಿಯಿರಿ. ಕಪ್ಪನ್ನು ಅಡ್ಡ ಮಲಗಿಸಿ ನೀರಿನಲ್ಲಿ ಒಂದು ಸುತ್ತು ತಿರುಗಿಸಿ. ನೀರನ್ನು ಬೋಗುಣಿಗೆ ಚೆಲ್ಲಿ. ಪಾತ್ರೆ ಮೊದಲೇ ತೊಳೆದು ಬಂದಿರುತ್ತದೆ, ಪ್ಲಾಸ್ಟಿಕ್ ಸುತ್ತಿಯೂ ಇರಬಹುದು. ಆದರೂ ಪೋ ಪೋ ಬಿಡುವುದಿಲ್ಲ. ಮೇಜಿನಲ್ಲಿ ನೀವೇ ಚಿಕ್ಕವರಾದರೆ ಎಲ್ಲರ ಬಟ್ಟಲನ್ನೂ ನೀವೇ ತೊಳೆದು ಕೊಡಿ. ಅಷ್ಟು ಮಾಡಿದರೆ ಅರ್ಧ ಪರಿಚಯ ಆದ ಹಾಗೆ.

ಚಹಾ ಬಗ್ಗಿಸುವ ನಿಯಮ ಸುಲಭ. ಮೊದಲು ಹಿರಿಯರಿಗೆ, ಆಮೇಲೆ ಉಳಿದವರಿಗೆ, ಕಡೆಗೆ ನಿಮಗೆ. ಕಪ್ಪು ಪುಟ್ಟದು, ಪದೇ ಪದೇ ಖಾಲಿಯಾಗುತ್ತದೆ. ಖಾಲಿ ಕಪ್ಪು ಕಂಡರೆ ಪಾಟ್ ಎತ್ತಿ. ನಿಮಗೆ ಯಾರಾದರೂ ಬಗ್ಗಿಸಿದರೆ ತೋರುಬೆರಳು, ನಡುಬೆರಳು ಎರಡನ್ನೂ ಸ್ವಲ್ಪ ಮಡಚಿ ಮೇಜಿನ ಮೇಲೆ ಎರಡು ಮೂರು ಸಲ ತಟ್ಟಿ. ಅದೇ ಥ್ಯಾಂಕ್ಸು. ಕ್ಯೆನ್‌ಲಾಂಗ್ ಚಕ್ರವರ್ತಿ ಮಾರುವೇಷದಲ್ಲಿ ತಿರುಗುವಾಗ ತನ್ನ ಸೇವಕನಿಗೆ ಚಹಾ ಬಗ್ಗಿಸಿದನಂತೆ. ಮಂಡಿಯೂರಿದರೆ ಗುಟ್ಟು ರಟ್ಟಾಗುತ್ತದೆ ಅಂತ ಸೇವಕ ಬೆರಳುಗಳನ್ನೇ ಮಂಡಿಯೂರಿಸಿದನಂತೆ. ಕಥೆ ಹೇಗೂ ಇರಲಿ, ಉಪಯೋಗ ದೊಡ್ಡದು. ಮಾತಾಡುತ್ತಿರುವವರನ್ನು ನಿಲ್ಲಿಸಬೇಕಿಲ್ಲ, ಬಾಯಲ್ಲಿ ತುತ್ತಿದ್ದರೂ ಪರವಾಗಿಲ್ಲ. ಪಾಟ್‌ನಲ್ಲಿ ನೀರು ಮುಗಿದರೆ ವೇಟರನ್ನು ಕೂಗಬೇಡಿ. ಮುಚ್ಚಳ ತೆಗೆದು ಓರೆಯಾಗಿ ಇಟ್ಟರೆ ಅವರೇ ಬಂದು ತುಂಬಿಸುತ್ತಾರೆ. ಇಷ್ಟಕ್ಕೂ ಒಂದು ಮಾತೂ ಬೇಕಿಲ್ಲ ನೋಡಿ. ಕೂಗಲೇಬೇಕಾದರೆ ವಯಸ್ಸು ಎಷ್ಟೇ ಇರಲಿ, ಹೆಂಗಸರಿಗೆ ಲೆಂಗ್ ನೋಯ್, ಗಂಡಸರಿಗೆ ಲೆಂಗ್ ಜಾಯ್. ಸುಂದರಿ, ಸುಂದರ ಅಂತ. ಅರವತ್ತು ದಾಟಿದವರೂ ಇದಕ್ಕೆ ತಿರುಗಿ ನೋಡುತ್ತಾರೆ.

ಈಗ ತಿಂಡಿ. ಬಿದಿರಿನ ಬುಟ್ಟಿಯಲ್ಲಿ ಮೂರೋ ನಾಲ್ಕೋ ತುಂಡು ಬರುತ್ತವೆ, ಎಲ್ಲರೂ ಹಂಚಿಕೊಳ್ಳುವುದು. ಮೆನುವಿನಲ್ಲಿ ಪ್ರತಿ ತಿಂಡಿಗೆ ಬೇರೆ ಬೇರೆ ರೇಟು ಇರುವ ಬದಲು ಸಣ್ಣದು, ಮಧ್ಯಮ, ದೊಡ್ಡದು, ವಿಶೇಷ ಅಂತ ದರ್ಜೆ ಇರುವುದೂ ಉಂಟು. ಮೊದಲ ಸಲ ಹೋದವರು ಹಾ ಗಾವ್ ತರಿಸಲೇಬೇಕು, ಸೀಗಡಿ ತಿನ್ನುವವರಾದರೆ. ಗೋಧಿಯ ಪಿಷ್ಟದಿಂದ ಮಾಡಿದ, ಒಳಗಿನ ಸೀಗಡಿಯ ಗುಲಾಬಿ ಬಣ್ಣ ಕಾಣುವಷ್ಟು ತೆಳುವಾದ ಹೊದಿಕೆ. ಅಡುಗೆಯವನ ಕೈ ನೋಡಲು ಇದೇ ಪರೀಕ್ಷೆ. ಚಾಪ್‌ಸ್ಟಿಕ್ಕಿನಲ್ಲಿ ಎತ್ತಿದಾಗ ತಳ ಅಂಟಿ ಹರಿಯಬಾರದು, ನೆರಿಗೆ ಬಿಚ್ಚಬಾರದು, ಕಚ್ಚಿದಾಗ ಸೀಗಡಿ ಗರಕ್ ಅನ್ನಬೇಕು. ಹಾ ಗಾವ್ ಚೆನ್ನಾಗಿಲ್ಲದಿದ್ದರೆ ಆ ಅಂಗಡಿಯಲ್ಲಿ ಮಿಕ್ಕಿದ್ದನ್ನೂ ಜಾಸ್ತಿ ಹೇಳಬೇಡಿ.

ಕೋಳಿ ಕಾಲು, ಅಂದರೆ ಫುಂಗ್ ಜಾವ್, ಬಂದಾಗ ಯುರೋಪಿನವರ ಮುಖ ನೋಡುವ ಹಾಗಿರುತ್ತದೆ. ಉಗುರು ತೆಗೆದು, ಎಣ್ಣೆಯಲ್ಲಿ ಕರಿದು, ನೀರಿನಲ್ಲಿ ನೆನೆಸಿ ಚರ್ಮ ಉಬ್ಬಿಸಿ, ಆಮೇಲೆ ಹುದುಗಿಸಿದ ಕಪ್ಪು ಸೋಯಾಕಾಳಿನ ಜೊತೆ ಹಬೆಯಲ್ಲಿ ಬೇಯಿಸಿರುತ್ತಾರೆ. ಕಚ್ಚುವ ಪದಾರ್ಥ ಅಲ್ಲ ಇದು. ಒಂದು ಗೆಣ್ಣನ್ನು ಬಾಯಿಗಿಟ್ಟು ನಾಲಿಗೆಯಿಂದ ಚರ್ಮ ಬಿಡಿಸಿ, ಸಣ್ಣ ಮೂಳೆಗಳನ್ನು ಒಂದೊಂದಾಗಿ ತಟ್ಟೆಗೆ ಹಾಕಬೇಕು. ಮೂಳೆ ಉಗುಳುವುದು ಅಲ್ಲಿ ಅಸಹ್ಯ ಅಲ್ಲ, ಕೈಯಿಂದ ಎತ್ತಿ ತಿನ್ನುವುದೇ ಸ್ವಲ್ಪ ವಿಚಿತ್ರ. ಬೇಡವಾದರೆ ಸುಮ್ನೆ ಬುಟ್ಟಿಯನ್ನು ಪಕ್ಕದವರ ಕಡೆ ಸರಿಸಿ. ಮುಖ ಸಿಂಡರಿಸಬೇಡಿ, ಅಷ್ಟೇ.

ಮಾಂಸ ತಿನ್ನದವರಿಗೆ

ನಾನು ಎಲ್ಲ ತಿನ್ನುವವಳು. ನನ್ನ ಗಂಡ ಮೊಟ್ಟೆಯನ್ನೂ ಮುಟ್ಟದವರು, ಒಂದೆರಡು ಸಲ ಜೊತೆಗೆ ಬಂದಿದ್ದಾರೆ. ಹಾಗಾಗಿ ಈ ಕಷ್ಟವೂ ಗೊತ್ತು. "ವೆಜಿಟೇರಿಯನ್" ಅಂದರೆ ಅವರಿಗೆ ಅರ್ಥವಾಗುವುದು ಮಾಂಸದ ತುಂಡು ಹಾಕಬೇಡಿ ಅಂತ ಮಾತ್ರ. ಸೊಪ್ಪಿನ ಮೇಲೆ ಸಿಂಪಿಯಿಂದ ಮಾಡಿದ ಆಯ್‌ಸ್ಟರ್ ಸಾಸ್ ಬರುತ್ತದೆ. ಮೂಲಂಗಿ ಹಲ್ವದ ಹಾಗೆ ಕಾಣುವ ಲೋ ಬಾಕ್ ಗೋದಲ್ಲಿ ಒಣ ಸೀಗಡಿ, ಹಂದಿ ಸಾಸೇಜ್ ಇರುತ್ತದೆ. ಪೇಸ್ಟ್ರಿಗಳಲ್ಲಿ ಹಂದಿ ಕೊಬ್ಬು. ನೂಡಲ್ಸ್ ಬೆಂದಿರುವುದೇ ಮೂಳೆ ಸಾರಿನಲ್ಲಿ.

ಹೇಳಬೇಕಾದದ್ದು "ಸಿಕ್ ಜಾಯ್" ಅಂತ. ಬೌದ್ಧರ ವ್ರತದ ಊಟ ಅದು. ಹಾಗೆಂದ ತಕ್ಷಣ ಅಡುಗೆಯವರಿಗೆ ಪೂರ್ತಿ ಲೆಕ್ಕ ಸಿಗುತ್ತದೆ: ಮಾಂಸ, ಮೀನು, ಅದರ ಸಾರು ಯಾವುದೂ ಬೇಡ. ಕಟ್ಟುನಿಟ್ಟಿನ ಕಡೆ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಬರುವ ಅವರ ತಿಂಗಳಿನ ಒಂದನೇ ಮತ್ತು ಹದಿನೈದನೇ ದಿನ ಎಷ್ಟೋ ಹಿರಿಯರು ಮಾಂಸ ಬಿಡುತ್ತಾರೆ. ಪೋ ಪೋ ಕೂಡ. ಮನೆ ಊಟಕ್ಕೆ ಕರೆದರೆ ಸಸ್ಯಾಹಾರಿಗಳು ಆ ದಿನ ಕೇಳಿಕೊಳ್ಳಬಹುದು, ಯಾರಿಗೂ ಭಾರ ಆಗುವುದಿಲ್ಲ. ಬೀಜಿಂಗ್ ರೋಡ್ ಹತ್ತಿರದ ದಾಫೋ ದೇವಸ್ಥಾನದಲ್ಲಿ ಸಸ್ಯಾಹಾರಿ ಊಟದ ಮನೆ ಇದೆ. ಅನ್ನ, ಸಾರು, ರೊಟ್ಟಿ ನೆನಪಾಗಿ ತಡೆಯಲಾಗದಿದ್ದರೆ ಶಿಯಾವ್‌ಬೇಯ್ ಕಡೆ ಭಾರತೀಯ ಹೋಟೆಲುಗಳಿವೆ.

ಹಾಗೇ ಲಿವಾನ್‌ನಲ್ಲಿ ಓಡಾಡುವಾಗ ಹುವಾಲಿನ್ ದೇವಸ್ಥಾನಕ್ಕೂ ಒಂದು ಹೆಜ್ಜೆ ಹೋಗಿ ಬನ್ನಿ. ದಕ್ಷಿಣ ಭಾರತದಿಂದ ಸಮುದ್ರ ದಾಟಿ ಬಂದ ಬೋಧಿಧರ್ಮ ಮೊದಲು ಕಾಲಿಟ್ಟ ಜಾಗ ಇದೇ ಅಂತ ಅಲ್ಲಿನ ಪ್ರತೀತಿ. ನಾನು ಭಾರತದವಳು ಅಂತ ಗೊತ್ತಾದಾಗ ಪೋ ಪೋ ಮೊದಲು ಕರೆದುಕೊಂಡು ಹೋದದ್ದು ಅಲ್ಲಿಗೆ.

ಮನೆಗೆ ಕರೆದರೆ

ಬರಿಗೈಯಲ್ಲಿ ಹೋಗಬೇಡಿ. ಕಿತ್ತಳೆ, ಸೇಬು, ಒಳ್ಳೆ ಬಿಸ್ಕತ್ತಿನ ಡಬ್ಬ, ನಮ್ಮ ಕಡೆಯ ಗೋಡಂಬಿ, ಏನಾದರೂ ಸರಿ. ಎರಡೂ ಕೈಯಲ್ಲಿ ಕೊಡಿ. ಗಡಿಯಾರ ಬೇಡ, ಅದರ ಉಚ್ಚಾರ ಸಾವಿನ ಮನೆಯ ಕಾರ್ಯಕ್ಕೆ ಹೋಗುವುದನ್ನು ನೆನಪಿಸುತ್ತದೆ. ಕೊಡೆಯೂ ಬೇಡ. ಯಾವುದನ್ನೂ ನಾಲ್ಕರ ಲೆಕ್ಕದಲ್ಲಿ ಕೊಡಬೇಡಿ. ಕೊಟ್ಟದ್ದನ್ನು ನಿಮ್ಮೆದುರು ಬಿಚ್ಚುವುದಿಲ್ಲ, ಪಕ್ಕಕ್ಕಿಡುತ್ತಾರೆ. ಪಾಶ್ಚಾತ್ಯರಿಗೆ ಇದು ಬೇಸರ. "ಇಷ್ಟ ಆಗಲಿಲ್ವಾ?" ಅಂತ ನನ್ನನ್ನು ಕೇಳುತ್ತಾರೆ. ಹಾಗೇನಿಲ್ಲ. ಹೊರಡುವಾಗ ನೀವು ತಂದ ಹಣ್ಣಿನಲ್ಲೇ ಎರಡನ್ನು ನಿಮ್ಮ ಚೀಲಕ್ಕೆ ವಾಪಸ್ ಹಾಕಬಹುದು. ತೆಗೆದುಕೊಳ್ಳಿ. ಬರಿ ಚೀಲ ಕಳಿಸಬಾರದು ಅಂತ ಅವರ ಲೆಕ್ಕ.

ಯಾವುದಾದರೂ ವಸ್ತು ಕೊಟ್ಟರೆ, ಊಟ ಹಾಕಿದರೆ "ದೋ ಜೆ" ಅನ್ನಿ. ಬಾಗಿಲು ಹಿಡಿದರೆ, ನೀರು ತಂದುಕೊಟ್ಟರೆ, ದಾರಿ ಹೇಳಿದರೆ "ಮ್ ಗೋಯ್". ಇವೆರಡು ಬಂದರೆ ದಿನ ಕಳೆಯುತ್ತದೆ.

ಚಪ್ಪಲಿ ಬಾಗಿಲಲ್ಲೇ ಬಿಡಿ. ಬಾಗಿಲ ಹತ್ತಿರ ನೆಲದ ಮೇಲೆ ಸಣ್ಣ ಕೆಂಪು ಗೂಡು, ಊದುಬತ್ತಿ ಕಂಡರೆ ಅದು ಭೂಮಿ ದೇವರದು. ಅದರ ಮೇಲೆ ಬ್ಯಾಗ್ ಇಡಬೇಡಿ, ಕಾಲು ತಾಗಿಸಬೇಡಿ. ಒಳಗೆ ಮೊದಲು ಮಾತಾಡಿಸಬೇಕಾದದ್ದು ಅತಿ ಹಿರಿಯರನ್ನು. ಕೂರುವ ಜಾಗವನ್ನು ಅವರೇ ತೋರಿಸುತ್ತಾರೆ. ಬಾಗಿಲಿಗೆ ಎದುರು ಮುಖದ ಕುರ್ಚಿ ಸಾಮಾನ್ಯವಾಗಿ ಹಿರಿಯರಿಗೆ ಅಥವಾ ಮುಖ್ಯ ಅತಿಥಿಗೆ. ಸುಮ್ಮನೆ ಹೋಗಿ ಅದರಲ್ಲಿ ಕೂರಬೇಡಿ.

ಊಟ ಶುರುವಾಗುವ ಮುಂಚೆ ಮಕ್ಕಳು ಹಿರಿಯರನ್ನು ಸಂಬಂಧ ಹಿಡಿದು ಒಬ್ಬೊಬ್ಬರನ್ನೇ ಊಟಕ್ಕೆ ಕರೆಯುತ್ತಾರೆ. "ಗುಂಗ್ ಗುಂಗ್ ಸಿಕ್ ಫಾನ್, ಪೋ ಪೋ ಸಿಕ್ ಫಾನ್", ತಾತ ಊಟ ಮಾಡಿ, ಅಜ್ಜಿ ಊಟ ಮಾಡಿ ಅಂತ. ಎಲ್ಲರೂ ಕಣ್ಣೆದುರೇ ಕೂತಿದ್ದರೂ ಕರೆಯಬೇಕು. ಅತಿಥಿಯೂ ಒಂದು ಸಲ ಹೇಳಿದರೆ ಮನೆ ಪೂರ್ತಿ ನಗುತ್ತದೆ. ಹಿರಿಯರು ಚಾಪ್‌ಸ್ಟಿಕ್ ಎತ್ತುವ ತನಕ ಕಾಯಿರಿ.

ಚಾಪ್‌ಸ್ಟಿಕ್ಕನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸುವಂತಿಲ್ಲ, ಅದು ಸತ್ತವರ ಮುಂದೆ ಊದುಬತ್ತಿ ಹಚ್ಚಿದ ಹಾಗೆ ಕಾಣುತ್ತದೆ. ಬಟ್ಟಲಿಗೆ ಟಣಟಣ ಬಡಿಯಬಾರದು. ಮಧ್ಯದ ತಟ್ಟೆಯಿಂದ ತೆಗೆಯಲು ಬೇರೆ ಬಣ್ಣದ ಉದ್ದ ಚಾಪ್‌ಸ್ಟಿಕ್ ಇಟ್ಟಿದ್ದರೆ ಅದನ್ನೇ ಬಳಸಿ. ತಟ್ಟೆಯನ್ನೆಲ್ಲ ಕೆದಕಿ ಒಳ್ಳೆ ತುಂಡು ಹುಡುಕುವುದು ಕೆಟ್ಟ ನಡತೆ. ನಿಮ್ಮ ಕಡೆ ಇರುವುದನ್ನು ತೆಗೆದುಕೊಳ್ಳಿ. ಅನ್ನದ ಬಟ್ಟಲನ್ನು ಎಡಗೈಯಲ್ಲಿ ಎತ್ತಿ ಬಾಯಿ ಹತ್ತಿರ ಹಿಡಿಯಬೇಕು. ಚಾಪ್‌ಸ್ಟಿಕ್ ಬರದವರಿಗೆ ಇದೇ ದೊಡ್ಡ ಉಪಕಾರ.

ಮೀನು ಬಂದಾಗ ಸ್ವಲ್ಪ ನಿಧಾನ. ಇಡೀ ಮೀನನ್ನು ಹಬೆಯಲ್ಲಿ ಬೇಯಿಸಿ, ಮೇಲೆ ಎಳೆ ಎಳೆಯಾಗಿ ಹೆಚ್ಚಿದ ಶುಂಠಿ, ಈರುಳ್ಳಿ ಸೊಪ್ಪು ಹರಡಿ, ಕಾದ ಎಣ್ಣೆ ಸುರಿದು ಚುರ್ ಅನ್ನಿಸಿ, ಸಿಹಿಯಾದ ಸೋಯಾ ಸಾಸ್ ಹಾಕುತ್ತಾರೆ. ಮಸಾಲೆ ಇಲ್ಲ. ಮಂಗಳೂರು ಕಡೆಯವರು "ಇದೇನು ಸಪ್ಪೆ" ಅನ್ನಬಹುದು. ಆದರೆ ಮೀನು ಸ್ವಲ್ಪ ಹಳತಾದರೂ ಮುಚ್ಚಿಡಲು ಇಲ್ಲಿ ಏನೂ ಇಲ್ಲ. ಅದಕ್ಕೇ ಹೋಟೆಲಿನಲ್ಲಿ ತೊಟ್ಟಿಯಿಂದ ಜೀವಂತ ಮೀನು ಹಿಡಿದು ನಿಮಗೆ ತೋರಿಸಿ ಆಮೇಲೆ ಒಳಗೆ ಒಯ್ಯುವುದು. ತಲೆ ನಿಮ್ಮ ಕಡೆ ತಿರುಗಿದ್ದರೆ ನೀವೇ ಮುಖ್ಯ ಅತಿಥಿ. ನೀವು ಮೊದಲು ಒಂದು ತುಂಡು ತೆಗೆಯುವ ತನಕ ಬೇರೆಯವರು ಕಾಯುತ್ತಿರಬಹುದು. ಮೇಲಿನ ಬದಿ ಮುಗಿದ ಮೇಲೆ ಮೀನನ್ನು ಮಗುಚಬೇಡಿ. ಮೀನುಗಾರರ ದೋಣಿ ಮಗುಚಿದ ಹಾಗೆ ಅಂತ ಹೆದರುತ್ತಾರೆ. ನಡುಮೂಳೆ ಎತ್ತಿ ತೆಗೆದು ಕೆಳಗಿನ ಬದಿ ತಿನ್ನಿ.

ಕೋಳಿ ಇಲ್ಲದೆ ಔತಣ ಇಲ್ಲ ಅಂತ ಅಲ್ಲಿನ ಗಾದೆ. ಬೆಳ್ಳಗೆ ಬೇಯಿಸಿದ ಕೋಳಿಯ ಮೂಳೆ ಹತ್ತಿರ ಕೆಂಪು ಕಂಡರೆ ಗಾಬರಿ ಬೇಡ, ಅವರಿಗೆ ಹದ ಅಂದರೆ ಅದೇ. ಆಗುವುದಿಲ್ಲ ಅನ್ನುವವರು ತೆಳು ತುಂಡು ನೋಡಿ ತೆಗೆದುಕೊಳ್ಳಿ.

ಬಡಿಸುವುದನ್ನು ನಿಲ್ಲಿಸುವುದು ಹೇಗೆ? ಬಟ್ಟಲು ಖಾಲಿ ಆದರೆ ಮತ್ತೆ ತುಂಬುತ್ತದೆ. ಆದರೆ ಅನ್ನದ ಅಗುಳು ಬಿಡುವ ಹಾಗೂ ಇಲ್ಲ. ಬಿಟ್ಟ ಅಗುಳಿಗೊಂದರಂತೆ ಮುಂದೆ ಗಂಡನ ಅಥವಾ ಹೆಂಡತಿಯ ಮುಖದಲ್ಲಿ ಕಲೆ ಬೀಳುತ್ತದೆ ಅಂತ ಮಕ್ಕಳನ್ನು ಹೆದರಿಸುತ್ತಾರೆ. ನನ್ನ ಉಪಾಯ ಹೀಗೆ: ಅನ್ನವನ್ನು ಮೊದಲೇ ಕಮ್ಮಿ ಹಾಕಿಸಿಕೊಳ್ಳುವುದು, ಅದನ್ನು ಪೂರ್ತಿ ಮುಗಿಸುವುದು, ಚಾಪ್‌ಸ್ಟಿಕ್ ಜೋಡಿಸಿ ಕೆಳಗಿಟ್ಟು "ಹೋ ಬಾವ್" ಅನ್ನುವುದು. ಹೊಟ್ಟೆ ತುಂಬಿತು ಅಂತ. ನೀವು ಮುಗಿಸಿದ ಮೇಲೆ ಇನ್ನೂ ತಿನ್ನುತ್ತಿರುವವರಿಗೆ "ಮಾನ್ ಮಾನ್ ಸಿಕ್", ನಿಧಾನವಾಗಿ ಊಟ ಮಾಡಿ, ಅನ್ನಿ.

ಮಾತಿನ ನಡುವೆ ವಯಸ್ಸೆಷ್ಟು, ಮದುವೆ ಆಗಿದೆಯಾ, ಮಕ್ಕಳೆಷ್ಟು, ಸಂಬಳ ಎಷ್ಟು ಅಂತ ಕೇಳುತ್ತಾರೆ. ಹಿಂದಿನ ಸಲಕ್ಕಿಂತ ದಪ್ಪ ಆಗಿದ್ದೀಯ ಅಂತಲೂ ಹೇಳುತ್ತಾರೆ. ನಮಗೇನು ಹೊಸದಲ್ಲ. ಜೊತೆಗೆ ವಿದೇಶಿಯರಿದ್ದರೆ ಅವರಿಗೆ ಮೊದಲೇ ಹೇಳಿಟ್ಟಿರಿ.

ಬಿಲ್ಲಿನ ವಿಷಯ ಹೊರಗೆ ತಿಂದಾಗ ಮಾತ್ರ ಬರುತ್ತದೆ. ಕರೆದವರೇ ಕೊಡುವುದು ಪದ್ಧತಿ. ಆದರೂ ಕೈ ಹಿಡಿದು ಎಳೆದಾಡುವಷ್ಟು ಜಗಳ ಆಗಬೇಕು. ನೀವೂ ಒಂದೆರಡು ಸಲ ಎದ್ದು ನಿಲ್ಲಿ, ಫೋನು ಹೊರತೆಗೆಯಿರಿ, ಆಮೇಲೆ ಸೋಲಿ. ತಲೆಗಿಷ್ಟು ಅಂತ ಲೆಕ್ಕ ಹಾಕಲು ಕೂತರೆ ಬೇಜಾರು ಮಾಡಿಕೊಳ್ಳುತ್ತಾರೆ. ಮುಂದಿನ ಯಾಮ್ ಚಾ ನಿಮ್ಮದು. ನಿಜವಾಗಿಯೂ ಕೊಡಲೇಬೇಕು ಅಂತಿದ್ದರೆ ಊಟದ ನಡುವೆ ಬಾತ್‌ರೂಮಿಗೆ ಅಂತ ಎದ್ದು ಹೋಗಿ ಕೌಂಟರಿನಲ್ಲಿ ಕೊಟ್ಟು ಬನ್ನಿ. ಅಲ್ಲಿನವರೂ ಮಾಡುವುದು ಇದನ್ನೇ.

ಸೂಪ್ ಬೇಡ ಅನ್ನಬೇಡಿ

ಇದನ್ನು ಬೇರೆಯಾಗಿ ಬರೆಯಲು ಕಾರಣ ಇದೆ. ಕ್ಯಾಂಟನೀಸ್ ಮನೆಯಲ್ಲಿ ಅಮ್ಮನೋ ಅಜ್ಜಿಯೋ ಬಾಯಿಬಿಟ್ಟು ಪ್ರೀತಿ ಹೇಳುವುದು ಕಮ್ಮಿ. ಸೂಪ್ ಕೊಡುತ್ತಾರೆ. ಲೋ ಫೋ ಟಾಂಗ್ ಅಂತ ಹೆಸರು, ಎರಡು ಮೂರು ಗಂಟೆ ಸಣ್ಣ ಉರಿಯಲ್ಲಿ ಕುದಿಸಿದ್ದು. ಪೋ ಪೋ ಮಧ್ಯಾಹ್ನವೇ ಮಣ್ಣಿನ ಮಡಕೆ ಇಡುತ್ತಾರೆ. ಹಂದಿ ಮೂಳೆಯನ್ನು ಮೊದಲು ಕುದಿ ನೀರಿಗೆ ಹಾಕಿ ನೊರೆ ಚೆಲ್ಲಿ ತೊಳೆಯುತ್ತಾರೆ. ಆಮೇಲೆ ತಾವರೆ ಬೇರು, ಕಡಲೆಕಾಯಿ ಬೀಜ, ಕೆಂಪು ಖರ್ಜೂರದಂಥ ಹಣ್ಣು. ಬೇರೆ ದಿನ ಕ್ಯಾರೆಟ್, ಮೆಕ್ಕೆಜೋಳ. ಬೇಸಿಗೆಯಲ್ಲಿ ಬೂದುಗುಂಬಳ. ಉಪ್ಪು ಬಿಟ್ಟರೆ ಮತ್ತೇನೂ ಇಲ್ಲ. ಊಟಕ್ಕೆ ಮುಂಚೆ ಒಂದು ಬಟ್ಟಲು ಕುಡಿಯಬೇಕು. ತರಕಾರಿ, ಮೂಳೆಯನ್ನು ಬೇರೆ ತಟ್ಟೆಗೆ ಹಾಕಿಡುತ್ತಾರೆ, ತಿಂದರೂ ಆಯಿತು ಬಿಟ್ಟರೂ ಆಯಿತು. ಮಾಂಸ ತಿನ್ನದವರು ಬಂದು ಕೂತ ಮೇಲೆ ಬೇಡ ಅನ್ನುವ ಬದಲು ಹಿಂದಿನ ದಿನವೇ ತಿಳಿಸಿ. ನನ್ನ ಗಂಡನಿಗೆ ಅಣಬೆ, ತಾವರೆ ಬೇರು ಹಾಕಿ ಬೇರೆ ಮಡಕೆ ಇಟ್ಟಿದ್ದರು.

ಯಾವ ದಿನ ಯಾವ ಸೂಪ್ ಅನ್ನುವುದು ನಾಲಿಗೆಯ ವಿಷಯ ಅಲ್ಲ. ಉಷ್ಣ ಆಗಿದೆಯಾ, ತಂಪು ಬೇಕಾ ಅಂತ ನೋಡಿ ಮಾಡುತ್ತಾರೆ. ಕರಿದದ್ದು ತಿಂದರೆ ಉಷ್ಣ, ನಿದ್ದೆಗೆಟ್ಟರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ. ಅವರ ಮಾತಿನಲ್ಲಿ ಯಿತ್ ಹೇಯ್. ಲಿಚಿ ಹಣ್ಣಿನ ಕಾಲ ಜೂನ್, ಜುಲೈ. ಒಂದು ಬಾಯಿ ಲಿಚಿ, ಮೂರು ಕೊಳ್ಳಿ ಬೆಂಕಿ ಅಂತ ಗಾದೆಯೇ ಇದೆ. ಆದರೂ ಕಿಲೋಗಟ್ಟಲೆ ತಿನ್ನುತ್ತಾರೆ, ಆಮೇಲೆ ಲ್ಯೋಂಗ್ ಚಾ ಅಂಗಡಿಗೆ ಓಡುತ್ತಾರೆ. ಬೀದಿ ಬದಿಯಲ್ಲಿ ದೊಡ್ಡ ಕೊಳಗದಿಂದ ಬಗ್ಗಿಸಿ ಕೊಡುವ ಕಷಾಯ ಅದು. ಇಪ್ಪತ್ತನಾಲ್ಕು ಬಗೆಯ ಮೂಲಿಕೆ ಅಂತ ಹೆಸರಿರುವುದು ಅತಿ ಕಹಿ. ಮೂಗು ಹಿಡಿದು ಒಂದೇ ಗುಟುಕಿಗೆ ಕುಡಿಯಿರಿ. 1828ರಿಂದ ಇರುವ ವೋಂಗ್ ಲೋ ಕಾತ್ ಹೆಸರಿನದು ಈಗ ಕೆಂಪು ಡಬ್ಬಿಯಲ್ಲಿ ಸಿಹಿಯಾಗಿ ಸಿಗುತ್ತದೆ, ಅದು ಜ್ಯೂಸ್ ಲೆಕ್ಕ. ಫೆಬ್ರವರಿಯಿಂದ ಏಪ್ರಿಲ್ ನಡುವೆ ಗೋಡೆ, ನೆಲ ಎಲ್ಲ ಬೆವರುವ ಕಾಲ ಬರುತ್ತದೆ. ಆಗ ಮೈಯಲ್ಲಿ ಸೇರಿದ ತೇವ ತೆಗೆಯುವ ಸೂಪು ಬೇರೆ.

ಹಾಗಾಗಿ ಊಟದ ಮೇಜಿನಲ್ಲಿ ಐಸ್ ನೀರು ಕೇಳಬೇಡಿ. ಯುರೋಪಿನವರು ಕೇಳುತ್ತಾರೆ, ಇಡೀ ಮನೆ ಕನಿಕರದಿಂದ ನೋಡುತ್ತದೆ. ಬಿಸಿ ನೀರನ್ನೇ ಕುಡಿಯಿರಿ.

ಮನೆಯಲ್ಲಿ ಬಾಣಂತಿ ಇದ್ದರೆ ಹಂದಿ ಕಾಲು, ಬಲಿತ ಶುಂಠಿ, ಮೊಟ್ಟೆಯನ್ನು ಸಿಹಿ ವಿನೆಗರಿನಲ್ಲಿ ಬೇಯಿಸಿದ ಕಪ್ಪು ಪದಾರ್ಥ ನಿಮಗೂ ಒಂದು ಬಟ್ಟಲು ಬರುತ್ತದೆ. ಮಗು ನೋಡಲು ಬಂದವರಿಗೆ ಕೊಡುವುದು. ಮೊಟ್ಟೆ ತಿನ್ನುವವರಾದರೆ ಅದನ್ನಾದರೂ ತಿನ್ನಿ, ರುಚಿ ಅದ್ಭುತ.

ಹೊಸ ವರ್ಷಕ್ಕೆ ಸಿಕ್ಕಿಕೊಂಡರೆ

ವ್ಯಾಪಾರಕ್ಕೆ ಹೋಗುವವರು ಚೀನೀ ಹೊಸ ವರ್ಷದ ದಿನಗಳನ್ನು ಬಿಟ್ಟು ಹೋಗಿ, ಮಾರುಕಟ್ಟೆ ಮುಚ್ಚಿರುತ್ತದೆ. 2027ರಲ್ಲಿ ಹಬ್ಬ ಫೆಬ್ರವರಿ 6ಕ್ಕೆ. ನೋಡಲು ಹೋಗುವವರು ಮಾತ್ರ ಕೆಲವು ದಿನ ಮೊದಲೇ ಹೋಗಿ ಹೂವಿನ ಸಂತೆಯಲ್ಲಿ ತಿರುಗಿ. ಪೀಚ್ ಹೂವಿನ ಕೊಂಬೆ, ಕುಂಡದಲ್ಲಿ ಹಳದಿ ಹಣ್ಣು ತುಂಬಿದ ಪುಟ್ಟ ಕಿತ್ತಳೆ ಗಿಡ ಹೊತ್ತುಕೊಂಡು ಜನ ಬಸ್ಸು ಹತ್ತುತ್ತಿರುತ್ತಾರೆ.

ಮದುವೆ ಆದವರು ಆಗದವರಿಗೆ ಕೆಂಪು ಕವರಿನಲ್ಲಿ ದುಡ್ಡು ಕೊಡಬೇಕು, ಲೈ ಸೀ ಅಂತ. ಮೂವತ್ತೈದು ದಾಟಿದ ಬ್ರಹ್ಮಚಾರಿಗೂ ಸಿಗುತ್ತದೆ. ಗುವಾಂಗ್‌ಝೌ ಇರುವ ಗುವಾಂಗ್‌ಡಾಂಗ್ ಪ್ರಾಂತ್ಯದ ಕಡೆ ಮೊತ್ತ ಸಣ್ಣದು. 5, 10, 20 ಯುವಾನ್ ಸಾಕು, ಗರಿಗರಿ ಹೊಸ ನೋಟು ಇರಲಿ. ವಾಚ್‌ಮನ್, ಮೆಟ್ಟಿಲು ಗುಡಿಸುವವರು, ದಿನಾ ಹೋಗುವ ಅಂಗಡಿಯ ಹುಡುಗಿ, ಎಲ್ಲರಿಗೂ ಒಂದೊಂದು. ಎರಡು ಕೈಯಲ್ಲಿ ಕೊಡುವುದು, ಎರಡು ಕೈಯಲ್ಲಿ ತೆಗೆದುಕೊಳ್ಳುವುದು, ಎದುರಿಗೆ ಬಿಚ್ಚದಿರುವುದು. ಮೊದಲ ದಿನ ಕಸ ಗುಡಿಸಬೇಡಿ. ಮೂರನೇ ದಿನ ಯಾರ ಮನೆಗೂ ಹೋಗಬೇಡಿ, ಜಗಳ ಆಗುವ ದಿನ ಅಂತೆ.

ಶುಂಠಿ ಹಾಲು, ಮನೆಗೆ ತರಬಹುದಾದ ಒಂದೇ ಅಡುಗೆ

ಗುವಾಂಗ್‌ಝೌ ಪಕ್ಕದ ಶುಂಡೆ, ಅಡುಗೆಯವರ ಊರು. 2014ರಲ್ಲಿ ಯುನೆಸ್ಕೊ ಅದನ್ನು ಆಹಾರದ ಊರು ಅಂತ ಪಟ್ಟಿಗೆ ಸೇರಿಸಿತು. ಮೆಟ್ರೋದ 7ನೇ ಲೈನಿನಲ್ಲೇ ಹೋಗಬಹುದು. ಎಮ್ಮೆ ಹಾಲಿನ ಕೆನೆ ಮೇಲೆ ಇನ್ನೊಂದು ಕೆನೆ ಕಟ್ಟಿಸುವ ಸಿಹಿ ಅಲ್ಲಿಯದು, ಅದರಲ್ಲಿ ಮೊಟ್ಟೆ ಬಿಳಿ ಇರುತ್ತದೆ. ನನ್ನ ಗಂಡ ಎರಡೆರಡು ಬಟ್ಟಲು ತಿಂದದ್ದು ಪನ್ಯು ಕಡೆಯ ಶಾವಾನ್ ಹಳ್ಳಿಯ ಶುಂಠಿ ಹಾಲು. ಮೊಟ್ಟೆ ಇಲ್ಲ, ಜೆಲಾಟಿನ್ ಇಲ್ಲ. ನಮ್ಮ ಗಿಣ್ಣಿನಷ್ಟೇ ಮೆತ್ತಗೆ, ಗಂಟಲಲ್ಲಿ ಖಾರ.

ಬಲಿತ ಶುಂಠಿ ತುರಿದು ಬಟ್ಟೆಯಲ್ಲಿ ಹಿಂಡಿ, ಒಬ್ಬರ ಬಟ್ಟಲಿಗೆ ಒಂದು ದೊಡ್ಡ ಚಮಚ ರಸ ಹಾಕಿ. ಇದು ಆಗತಾನೆ ಹಿಂಡಿದ್ದೇ ಆಗಿರಬೇಕು. ಒಂದು ಲೋಟ ಗಟ್ಟಿ ಹಾಲಿಗೆ ಸಕ್ಕರೆ ಹಾಕಿ ಕಾಯಿಸಿ, ಕೆಳಗಿಳಿಸಿ ಸ್ವಲ್ಪ ಆರಲು ಬಿಡಿ. ಸುಮಾರು 70 ಡಿಗ್ರಿ ಇರಬೇಕು. ಕುದಿಯುವ ಹಾಲು ಹಾಕಿದರೆ ಶುಂಠಿಯ ಒಳಗಿರುವ, ಹಾಲನ್ನು ಗಟ್ಟಿ ಮಾಡುವ ಕಿಣ್ವ ಸತ್ತೇಹೋಗುತ್ತದೆ. ತೀರಾ ಆರಿದರೆ ಕೆಲಸ ಮಾಡುವುದಿಲ್ಲ. ಬಟ್ಟಲ ತಳದಲ್ಲಿ ರಸದ ಬಿಳಿ ಹಿಟ್ಟು ಕೂತಿರುತ್ತದೆ, ಅದನ್ನು ಒಮ್ಮೆ ಕದಡಿ. ಹಾಲನ್ನು ಸ್ವಲ್ಪ ಎತ್ತರದಿಂದ ಒಂದೇ ಸಲಕ್ಕೆ ಸುರಿಯಿರಿ. ಆಮೇಲೆ ಕಲಕಬೇಡಿ, ಬಟ್ಟಲು ಅಲುಗಾಡಿಸಬೇಡಿ. ಹತ್ತು ನಿಮಿಷದ ಹೊತ್ತಿಗೆ ಚಮಚ ಇಟ್ಟರೆ ಮೇಲೆ ನಿಲ್ಲಬೇಕು. ನಿಲ್ಲದಿದ್ದರೆ ಶುಂಠಿ ಎಳೆಯದು, ಅಥವಾ ಹಾಲು ಟೆಟ್ರಾ ಪ್ಯಾಕಿನದು. ಎಮ್ಮೆ ಹಾಲು ಸಿಕ್ಕರೆ ಅದನ್ನೇ ತನ್ನಿ.